ಕುಸ್ತಿ ಒಂದೇ, ಲೆಕ್ಕ ಎರಡು: ಮಣ್ಣಿಗೂ ಮ್ಯಾಟ್‌ಗೂ ಏನು ವ್ಯತ್ಯಾಸ?

ಹಾವೇರಿ: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಜಾತ್ರೆ ಬಂತಂದ್ರೆ ಜಂಗಿ ನಿಕಾಲಿ ಕುಸ್ತಿ ಇರಬೇಕು. ಮಣ್ಣಿನ ಕಣದಲ್ಲಿ ಅಂಕದ ಲೆಕ್ಕ ಇಲ್ಲ, ಚಿತ್ ಮಾಡಿದವನೇ ಗೆದ್ದ. ಮ್ಯಾಟ್ ಮೇಲೆ 3 ನಿಮಿಷದ 2 ಸುತ್ತು. ಚಿತ್ ಆಗದಿದ್ದರೂ ಅಂಕ ಹೆಚ್ಚಿದ್ದವನಿಗೆ ಗೆಲುವು. ಫ್ರೀಸ್ಟೈಲ್‌ನಲ್ಲಿ 10 ಅಂಕ ಮುಂದೆ ಹೋದರೆ ಆಟ ಅಲ್ಲಿಗೇ ಮುಗೀತು. ಎದುರಾಳಿಯನ್ನು ನಿಧಾನಕ್ಕೆ ದಣಿಸುವ ಜಾತ್ರೆ ಪೈಲ್ವಾನನಿಗೆ ಇಲ್ಲಿ ಹೊತ್ತೇ ಸಾಲೋದಿಲ್ಲ.

ನಿಜವಾದ ಜಗ್ಗಾಟ ಹೊಟ್ಟೆಪಾಡಿನದು. ಮಣ್ಣಲ್ಲಿ ಗೆದ್ದರೆ ಅಂಗಡಿಕಾರರು ಪಟ್ಟಿ ಕೊಟ್ಟ ರೊಕ್ಕ, ಬೆಳ್ಳಿ ಕಡಗ ಅವತ್ತೇ ಕೈಗೆ. ಆದರೆ ರಾಷ್ಟ್ರೀಯ ಕೂಟ, ಒಲಿಂಪಿಕ್ಸ್ ಎಲ್ಲಾ ಮ್ಯಾಟ್ ಮೇಲೆ. ಕ್ರೀಡಾ ಕೋಟಾದ ನೌಕರಿಗೆ ಬೇಕಾದ ಸರ್ಟಿಫಿಕೇಟೂ ಅಲ್ಲಿಂದಲೇ. ಇಂಗ್ಲೆಂಡಿನ ರಗ್ಬಿ 1895ರಲ್ಲಿ ಆಟಗಾರರ ಕೂಲಿ ವಿಚಾರಕ್ಕೇ ಒಡೆದು ಎರಡಾಯ್ತು. ಈಗ ಲೀಗ್‌ಗೆ 13 ಜನ, ಯೂನಿಯನ್‌ಗೆ 15. ನಮ್ಮಲ್ಲಿ ಅಷ್ಟು ಒಡೆದಿಲ್ಲ. ಗರಡಿ ಮಣ್ಣು ಮೆತ್ತಿಕೊಂಡ ಹುಡುಗನೇ ಶೂ ಕಟ್ಟಿಕೊಂಡು ಮ್ಯಾಟಿಗೂ ಇಳೀತಾನೆ.