ಎರೆನೆಲದ ಮೇಲೆ ವೇಗದ ಕಾರು

ಅಂಕೋಲೆಯಿಂದ ಹೊರಟು ಅರಬೈಲ್ ಘಟ್ಟ ಹತ್ತುವ ರಾಷ್ಟ್ರೀಯ ಹೆದ್ದಾರಿ 52 ಯಲ್ಲಾಪುರ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೀಡ್ ದಾಟಿ ಛತ್ರಪತಿ ಸಂಭಾಜಿನಗರ ಮುಟ್ಟುತ್ತದೆ. ಅಲ್ಲಿಂದ ಮುಂದೆ ಔಟ್ರಮ್ ಘಟ್ಟ ಇಳಿದು ಧುಳೆಯ ಕಡೆಗೆ ಸಾಗುತ್ತದೆ. ಹುಬ್ಬಳ್ಳಿಯಿಂದಾಚೆ ಈ ರಸ್ತೆ ಬಹುಪಾಲು ಎರೆಮಣ್ಣಿನ ಸೀಮೆಯಲ್ಲೇ ಹಾದುಹೋಗುತ್ತದೆ. ಮಳೆ ಬಿದ್ದರೆ ಉಬ್ಬಿ, ಬಿಸಿಲಿಗೆ ಬಿರಿಯುವ ಮಣ್ಣು ಅದು. ಅದರ ಮೇಲೆ ಎಂಥ ಡಾಂಬರು ಹಾಕಿದರೂ, ಅಡಿಪಾಯದಲ್ಲಿ ಮಣ್ಣನ್ನು ಸರಿಯಾಗಿ ಪಳಗಿಸದಿದ್ದರೆ, ಕೆಲವು ವರ್ಷಗಳಲ್ಲಿ ರಸ್ತೆ ಅಲೆಅಲೆಯಾಗಿ ಏಳುತ್ತದೆ. ಗುಂಡಿಯಾದರೆ ದೂರದಿಂದಲೇ ಕಾಣುತ್ತದೆ. ಅಲೆ ಹಾಗಲ್ಲ, ನೂರರ ವೇಗದಲ್ಲಿ ಕಾರಿನ ಹಿಂಭಾಗ ಎದ್ದೆದ್ದು ಕೂತಾಗಲೇ ಅದು ಗೊತ್ತಾಗುವುದು.

ನಮ್ಮ ದೇಶದ ವೇಗದ ಕಾರುಗಳಲ್ಲಿ ಹೆಸರು ಮಾಡಿದ ಒಂದು ಕಾರು ಇದೇ ಎರೆನೆಲದಲ್ಲಿ ತಯಾರಾಯಿತು. ಸಂಭಾಜಿನಗರದಿಂದ ಜಾಲನಾ ಕಡೆಗೆ ಹೋಗುವ ದಾರಿಯಲ್ಲಿ ಶೇಂದ್ರಾ ಕೈಗಾರಿಕಾ ಪ್ರದೇಶವಿದೆ. 2001ರಿಂದ ಅಲ್ಲಿ ಸ್ಕೋಡಾ ಆಕ್ಟೇವಿಯಾ ಜೋಡಣೆ ನಡೆಯಿತು, ಕೆಲವು ವರ್ಷಗಳ ನಂತರ ಆಡಿ ಕಾರುಗಳೂ ಅಲ್ಲಿಂದಲೇ ಹೊರಬಂದವು. 2004ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್‌ನಲ್ಲಿ 150 ಅಶ್ವಶಕ್ತಿಯ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಇತ್ತು. ಸಾಧಾರಣ ಕುಟುಂಬದ ಸೆಡಾನ್‌ನಂತೆ ಕಾಣುವ ಕಾರಿನಲ್ಲಿ ಅಷ್ಟು ಶಕ್ತಿಯನ್ನು ಆ ಕಾಲಕ್ಕೆ ಯಾರೂ ನಿರೀಕ್ಷಿಸಿರಲಿಲ್ಲ. 2017ರಲ್ಲಿ ಬಂದ ಆರ್‌ಎಸ್‌ನ ಶಕ್ತಿ 230ಕ್ಕೆ ಏರಿತು. ಐದು ಜನ ಕೂರಬಹುದಾದ, ಡಿಕ್ಕಿಯಲ್ಲಿ ಮದುವೆ ಮನೆಯ ಸಾಮಾನು ಹಿಡಿಸುವ, ಆದರೂ ಘಟ್ಟದ ತಿರುವಿನಲ್ಲಿ ಮೈಮರೆಸುವ ಕಾರು. ಇಂದು ಅವುಗಳಲ್ಲಿ ಎಷ್ಟೋ ಕಾರುಗಳು ಎರಡನೆಯ ಮೂರನೆಯ ಮಾಲೀಕರ ಕೈಯಲ್ಲಿವೆ. ರಬ್ಬರ್ ಬುಷ್‌ಗಳು ಗಟ್ಟಿಯಾಗಿ, ಶಾಕ್‌ಅಬ್ಸಾರ್ಬರ್ ದಣಿದು, "ಇದಕ್ಕೆ ಏನು ಹಾಕಿಸಲಿ" ಎಂದು ಮಾಲೀಕರು ಕೇಳುವ ವಯಸ್ಸಿಗೆ ಬಂದಿವೆ.

ಗ್ಯಾರೇಜಿನಲ್ಲಿ ಹೆಚ್ಚಾಗಿ ಸಿಗುವ ಉತ್ತರ ಒಂದೇ: ಗಿಡ್ಡ ಸ್ಪ್ರಿಂಗ್ ಹಾಕಿ ಕಾರು ಲೋ ಮಾಡಿಸಿ. ನಮ್ಮ ದಖ್ಖನಿನ ರಸ್ತೆಗೆ ಈ ಉತ್ತರ ತಪ್ಪು ಎಂದು ನಾನು ನಂಬಿದ್ದೇನೆ. ಅದಕ್ಕೆ ಕಾರಣಗಳು ಇದೇ ರಸ್ತೆಗಳಲ್ಲಿ ಸಿಗುತ್ತವೆ.

ಸ್ಪ್ರಿಂಗ್ ಮಾಡುವುದು ಒಂದೇ ಕೆಲಸ. ಕಾರಿನ ಭಾರ ಹೊತ್ತು, ಪೆಟ್ಟು ಬಿದ್ದಾಗ ಅದುಮಿಕೊಂಡು, ಹೀರಿದ ಶಕ್ತಿಯನ್ನು ಹಾಗೇ ಹಿಂದಕ್ಕೆ ಕೊಡುತ್ತದೆ. ಅದನ್ನು ತನ್ನ ಪಾಡಿಗೆ ಬಿಟ್ಟರೆ ಕಾರು ತೂಗುತ್ತಲೇ ಇರುತ್ತದೆ. ತೂಗಾಟ ನಿಲ್ಲಿಸುವುದು ಶಾಕ್‌ಅಬ್ಸಾರ್ಬರ್. ಅದರೊಳಗೆ ಪಿಸ್ಟನ್ ಎಣ್ಣೆಯನ್ನು ಸಣ್ಣ ಕಂಡಿಗಳ ಮೂಲಕ, ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಬಗ್ಗಿಸಿಕೊಂಡು ತಳ್ಳುತ್ತದೆ. ಚಲನೆಯ ಶಕ್ತಿ ಅಲ್ಲಿ ಶಾಖವಾಗುತ್ತದೆ. ಘಟ್ಟ ಇಳಿದು ನಿಂತ ಕಾರಿನ ಶಾಕ್‌ಅಬ್ಸಾರ್ಬರ್ ಮುಟ್ಟಿದರೆ ಬಿಸಿ ಹತ್ತುವುದು ಇದಕ್ಕೇ. ಬಿಲ್ಲೆಗಳ ದಪ್ಪ, ಸಂಖ್ಯೆ, ಜೋಡಿಸಿದ ಕ್ರಮ ಬದಲಾದರೆ ಕಾರಿನ ನಡತೆಯೇ ಬದಲಾಗುತ್ತದೆ. ಇದು ಬಹಳ ಸೂಕ್ಷ್ಮವಾದ ಕಸುಬು. ನಾಸಿಕ್ ಮತ್ತು ಸಂಭಾಜಿನಗರಕ್ಕೆ ಈ ಕಸುಬಿನಲ್ಲಿ ಪಳಗಿದ ಕೈಗಳ ಕೊರತೆಯಿಲ್ಲ.

1961ರಲ್ಲಿ ಮುಂಬೈಯ ಮುಲುಂದ್‌ನಲ್ಲಿ ಶುರುವಾದ ಗೇಬ್ರಿಯಲ್ ಇಂಡಿಯಾ ಕಂಪನಿಯ ಒಂದು ಕಾರ್ಖಾನೆ ನಾಸಿಕ್‌ನ ಅಂಬಡ್‌ನಲ್ಲಿದೆ. ಬೆಂಗಳೂರಿಗೆ ಕೂಗಳತೆಯಲ್ಲಿರುವ ಹೊಸೂರಿನಲ್ಲೂ ಅದೇ ಕಂಪನಿಯ ಇನ್ನೊಂದು ಕಾರ್ಖಾನೆ ಇದೆ. ಸಂಭಾಜಿನಗರದ ಪಶ್ಚಿಮಕ್ಕೆ, ವಾಳೂಜ್‌ನಲ್ಲಿ, 1985ರಲ್ಲಿ ಬಜಾಜ್ ಕಾರ್ಖಾನೆ ಬಂತು. ಅದರ ನೆರಳಿನಲ್ಲಿ ಅಲ್ಯೂಮಿನಿಯಂ ಎರಕದ ಬಿಡಿಭಾಗಗಳಿಂದ ಆರಂಭಿಸಿದ ಎಂಡ್ಯೂರೆನ್ಸ್ ಕಂಪನಿ ಇಂದು ದ್ವಿಚಕ್ರ ವಾಹನಗಳ ಸಸ್ಪೆನ್ಷನ್‌ನಲ್ಲಿ ದೇಶದ ದೊಡ್ಡ ಹೆಸರು. ಬೆಂಗಳೂರಿನ ಹುಡುಗರು ಓಡಿಸುವ ಕೆಟಿಎಂ ಡ್ಯೂಕ್‌ನ ಮುಂದಿನ ತಲೆಕೆಳಗಾದ ಫೋರ್ಕ್‌ಗಳ ಮೇಲೆ ಡಬ್ಲ್ಯುಪಿ ಎಂದು ಬರೆದಿರುತ್ತದಲ್ಲ, ಆ ಯುರೋಪಿನ ಹೆಸರಿನ ತಂತ್ರಜ್ಞಾನ ಪಡೆದು ಅವುಗಳನ್ನು ತಯಾರಿಸುವುದು ಇದೇ ಕಂಪನಿ. ನಾಸಿಕ್‌ನ ಇನ್ನೊಂದು ಮಗ್ಗುಲಲ್ಲಿ ಮಹೀಂದ್ರದ ಥಾರ್ ತಯಾರಾಗುತ್ತದೆ. ಒಟ್ಟಿನಲ್ಲಿ, ಚಕ್ರ ಮೇಲೆ ಕೆಳಗೆ ಹೋಗುವ ವಿದ್ಯೆ ಈ ಎರಡು ಊರುಗಳಿಗೆ ಕರತಲಾಮಲಕ.

ಈಗ ರಸ್ತೆಯ ವಿಚಾರ. ಸಾಮಾನ್ಯ ಕಾರಿನ ಮೈ ತನ್ನ ಸ್ಪ್ರಿಂಗ್‌ಗಳ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುತ್ತದೆ. ಕ್ರೀಡಾ ಕಾರುಗಳಲ್ಲಿ ಇದು ಎರಡರ ಹತ್ತಿರ ಹೋಗಬಹುದು. ಎರೆನೆಲದ ರಸ್ತೆಯಲ್ಲಿ ಒಂದು ಅಲೆಯಿಂದ ಇನ್ನೊಂದಕ್ಕೆ 22 ಮೀಟರ್ ಇದೆ ಎಂದುಕೊಳ್ಳಿ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್, ಅಂದರೆ ಸೆಕೆಂಡಿಗೆ ಒಂದೂಕಾಲು ಅಲೆ. ಕಾರಿನ ಸ್ವಂತ ತೂಗಾಟದ ಲಯವೂ ಅದೇ. ಪ್ರತಿ ಅಲೆಯೂ ಹಿಂದಿನ ಅಲೆಯ ತೂಗಾಟಕ್ಕೆ ಇನ್ನಷ್ಟು ಸೇರಿಸುತ್ತದೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದ ಹಾಗೆ. ಇಲ್ಲಿ ಕಾರನ್ನು ಕಾಪಾಡುವುದು ಶಾಕ್‌ಅಬ್ಸಾರ್ಬರ್ ಮಾತ್ರ, ಅದರಲ್ಲೂ ಸ್ಪ್ರಿಂಗ್ ಹಿಂದಕ್ಕೆ ಪುಟಿಯುವಾಗ ಅದನ್ನು ಹಿಡಿದು ನಿಲ್ಲಿಸುವ ಅದರ ಬಿಗಿ.

ಸಮೃದ್ಧಿ ಮಹಾಮಾರ್ಗದ ಸ್ವಭಾವ ಬೇರೆ. ಮುಂಬೈ ಕಡೆಯಿಂದ ನಾಗಪುರಕ್ಕೆ 701 ಕಿ.ಮೀ. ಉದ್ದದ ಈ ಆರು ಪಥದ ರಸ್ತೆ 2025ರ ಜೂನ್‌ನಲ್ಲಿ ಪೂರ್ತಿಯಾಗಿ ತೆರೆಯಿತು. ನಾಸಿಕ್ ಜಿಲ್ಲೆಯ ಇಗತಪುರಿ, ಸಿನ್ನರ್ ಬದಿಯಿಂದ ವೈಜಾಪುರ, ಸಂಭಾಜಿನಗರದ ಪಕ್ಕದಲ್ಲಿ ಹಾದುಹೋಗುತ್ತದೆ. ಕಾರುಗಳಿಗೆ ಗಂಟೆಗೆ 120 ಕಿ.ಮೀ. ಮಿತಿ. ಮೇಲ್ಮೈ ಕಾಂಕ್ರೀಟಿನದು. ನಮ್ಮ ಕಾಂಕ್ರೀಟ್ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಅಡ್ಡ ಕೀಲು ಬಿಟ್ಟಿರುತ್ತಾರೆ. 120ರ ವೇಗದಲ್ಲಿ ಸೆಕೆಂಡಿಗೆ ಏಳಕ್ಕಿಂತ ಹೆಚ್ಚು ಕೀಲುಗಳನ್ನು ದಾಟುತ್ತೇವೆ. ಕುಳಿತ ಮನುಷ್ಯನ ದೇಹ ಮೇಲೆ-ಕೆಳಗಿನ ಅದುರನ್ನು ಅತಿ ಹೆಚ್ಚು ಅನುಭವಿಸುವುದು ಸೆಕೆಂಡಿಗೆ ನಾಲ್ಕರಿಂದ ಎಂಟರವರೆಗಿನ ಲಯದಲ್ಲಿ. ಕೀಲುಗಳ ಅಂಚು ತುಸು ಏರುಪೇರಾದರೂ ಅದು ನೇರ ಬೆನ್ನಿಗೇ ಬರುತ್ತದೆ. ಅಲೆಗೆ ಬೇಕಾದ ಬಿಗಿ ಇಲ್ಲಿ ಬೇಡ. ಈ ಸಣ್ಣ ಅದುರನ್ನು ಟೈರು, ಬುಷ್, ಮೆತ್ತನೆಯ ಸ್ಪ್ರಿಂಗ್‌ಗಳೇ ನುಂಗಬೇಕು.

ಮೂರನೆಯದು ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್‌ನ ಲೆಕ್ಕದಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ಆಕ್ಟೇವಿಯಾದಷ್ಟು ಉದ್ದದ ಕಾರು, ಎರಡು ಗಾಲಿಗಳ ನಡುವೆ 2.7 ಮೀಟರ್ ಅಂತರವಿದ್ದರೂ, ಅಂಥ ಹಂಪ್‌ನ ನೆತ್ತಿಯ ಮೇಲೆ ಕಳೆದುಕೊಳ್ಳುವ ಎತ್ತರ ಕೇವಲ ಐದೂವರೆ ಸೆಂ.ಮೀ. ನಿಯಮದಂತೆ ಕಟ್ಟಿದ ಹಂಪ್ ತಗ್ಗು ಕಾರಿಗೂ ತೊಂದರೆ ಕೊಡದು. ಆದರೆ ಶಾಲೆ, ಗುಡಿ, ಬಸ್ ನಿಲ್ದಾಣ ಬಂದಲ್ಲೆಲ್ಲ ರಾತ್ರೋರಾತ್ರಿ ಹುಟ್ಟುವ ಮೊಣಕೈ ಅಗಲದ ಡಾಂಬರಿನ ದಿಂಡುಗಳಿಗೆ ಯಾವ ನಿಯಮವೂ ಇಲ್ಲ. ಅವು ತಗ್ಗಿಸಿದ ಕಾರಿನ ಹೊಟ್ಟೆ ಕೆರೆಯದೆ ಬಿಡುವುದಿಲ್ಲ.

ಲೋ ಮಾಡಿಸಿದ ಕಾರಿನಲ್ಲಿ ಆಗುವುದೇನು? ಚಕ್ರಕ್ಕೆ ಮೇಲೆ ಹೋಗಲು 80 ಮಿ.ಮೀ. ಜಾಗ ಇತ್ತು, 30 ತಗ್ಗಿಸಿದಿರಿ ಎಂದುಕೊಳ್ಳೋಣ. ಉಳಿದ 50ರಲ್ಲಿ ಅದೇ ಪೆಟ್ಟನ್ನು ತಡೆದುಕೊಳ್ಳಲು ಸ್ಪ್ರಿಂಗ್ ಎರಡೂವರೆ ಪಟ್ಟು ಬಿರುಸಾಗಬೇಕು. ಮಾರುಕಟ್ಟೆಯ ಯಾವ ಗಿಡ್ಡ ಸ್ಪ್ರಿಂಗೂ ಅಷ್ಟು ಬಿರುಸಾಗಿರುವುದಿಲ್ಲ, ಇದ್ದರೆ ಕೂರಲಾಗದು. ಹಾಗಾಗಿ ಗುಂಡಿ ಬಂದಾಗ ಚಕ್ರ ಬಂಪ್ ಸ್ಟಾಪರ್‌ಗೆ ಬಡಿಯುತ್ತದೆ. ತಿರುವಿನ ನಡುವೆ ಬಡಿದರಂತೂ ಆ ಮೂಲೆಯ ಸಸ್ಪೆನ್ಷನ್ ಕ್ಷಣದಲ್ಲಿ ಕಲ್ಲಾಗಿ ಟೈರು ಹಿಡಿತ ಬಿಡುತ್ತದೆ. ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ತಗ್ಗಿಸಿದಾಗ ಕೆಳಗಿನ ಆರ್ಮ್‌ಗಳ ಹೊರತುದಿ ಮೇಲಕ್ಕೆ ವಾಲುತ್ತದೆ. ಕಾರು ಯಾವ ಬಿಂದುವಿನ ಸುತ್ತ ಪಕ್ಕಕ್ಕೆ ಹೊರಳುತ್ತದೋ ಆ ಬಿಂದು, ಕಾರಿನ ಭಾರದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ಕೆಳಗೆ ಜಾರುತ್ತದೆ. ತಗ್ಗಿಸಿದ ಮೇಲೆ ಹೊರಳುವ ಒತ್ತಡ ಕಡಿಮೆಯಾಗುವ ಬದಲು ಹೆಚ್ಚಬಹುದು. ಇಷ್ಟೆಲ್ಲ ದುಡ್ಡು ಸುರಿದದ್ದು ಅದನ್ನು ಕಡಿಮೆ ಮಾಡಲೆಂದೇ ಅಲ್ಲವೇ?

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ರ್‍ಯಾಲಿ ನೋಡಿದವರಿಗೆ ಇದರ ಉತ್ತರ ಕಣ್ಣಾರೆ ಸಿಕ್ಕಿರುತ್ತದೆ. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತೂ ಅಲ್ಲಿ ನಡೆದಿದೆ. ನಾಸಿಕ್ ಕೂಡ ರ್‍ಯಾಲಿ ಆಫ್ ಮಹಾರಾಷ್ಟ್ರಕ್ಕೆ ನೆಲೆಯಾಗಿದ್ದ ಊರು. ಆ ಕಾರುಗಳು ಎತ್ತರವಾಗಿರುತ್ತವೆ, ಚಕ್ರಗಳು ಗೇಣುದ್ದ ಮೇಲೆ ಕೆಳಗೆ ಆಡುತ್ತವೆ, ಆದರೂ ನಮ್ಮ ಲೋ ಮಾಡಿಸಿದ ಕಾರುಗಳು ಕನಸಿನಲ್ಲೂ ಕಾಣದ ವೇಗದಲ್ಲಿ ತಿರುಗುತ್ತವೆ. ಅವುಗಳ ಖರ್ಚಿನ ದೊಡ್ಡ ಪಾಲು ಹೋಗುವುದು ಶಾಕ್‌ಅಬ್ಸಾರ್ಬರ್‌ಗೆ. ಡಾಂಬರಿನ ಮೇಲೂ ಇದೇ ದಾರಿ ಹಿಡಿದವರು ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್. 1962ರ ಲೋಟಸ್ ಎಲಾನ್ ಮೆತ್ತನೆಯ ಸ್ಪ್ರಿಂಗ್ ಮತ್ತು ಒಳ್ಳೆಯ ಶಾಕ್‌ಅಬ್ಸಾರ್ಬರ್ ಇಟ್ಟುಕೊಂಡೇ ಅಪೂರ್ವ ಹಿಡಿತದ ಕಾರಾಯಿತು.

ಹಾಗಾದರೆ ಹಳೆಯ ಆರ್‌ಎಸ್ ಕೊಂಡವರು ಎಲ್ಲಿಂದ ಶುರುಮಾಡಬೇಕು? ಕಾರು ಹೊಸದಿದ್ದಾಗ ಹೇಗಿತ್ತೋ ಹಾಗೆ ಮೊದಲು ಮಾಡಿಕೊಳ್ಳಬೇಕು. ಆರ್ಮ್ ಬುಷ್, ಲಿಂಕ್ ರಾಡ್, ಸ್ಟ್ರಟ್‌ನ ಮೇಲಿನ ರಬ್ಬರ್ ಮೌಂಟ್ ಮತ್ತು ಅದರ ಬೇರಿಂಗ್, ಹಿಂದೆ ಮಲ್ಟಿಲಿಂಕ್ ಇರುವ ಮಾದರಿಯಾದರೆ ಅದರ ಪುಟ್ಟ ಬುಷ್‌ಗಳು: ಇವನ್ನು ಬದಲಿಸಿದ ಕಾರಿನ ಸ್ಟೀರಿಂಗ್ ಮಾತಾಡುವ ರೀತಿಯೇ ಬೇರೆ. ಸದ್ದು ಮಾಡದ ಕೆಲಸವಾದ್ದರಿಂದ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಖರ್ಚಿಗೆ ತಕ್ಕ ಫಲ ಕೊಡುವ ಮೊದಲ ಕೆಲಸ ಇದು. ಟೈರಿನ ಆಯ್ಕೆಯೂ ಸಸ್ಪೆನ್ಷನ್‌ನ ಭಾಗವೇ. 225/45 ಎಂದು ಬರೆದ ಟೈರಿನ ಪಕ್ಕದ ಗೋಡೆ ಸುಮಾರು 101 ಮಿ.ಮೀ., 225/40 ಆದರೆ 90. ಅಂದಕ್ಕಾಗಿ ದೊಡ್ಡ ಅಲಾಯ್ ಹಾಕಿಸಿದಾಗ ಹೋಗುವ ಆ 11 ಮಿ.ಮೀ. ಗುಂಡಿಯ ಅಂಚಿನಲ್ಲಿ ರಿಮ್ ಉಳಿಸುತ್ತಿದ್ದ ಗಾಳಿ.

ಆಮೇಲೆ ಶಾಕ್‌ಅಬ್ಸಾರ್ಬರ್. ಕಂಪನಿಯ ಸ್ಪ್ರಿಂಗ್, ಕಂಪನಿಯ ಎತ್ತರ ಹಾಗೇ ಇರಲಿ. ಬಿಲ್‌ಸ್ಟೈನ್‌ನಲ್ಲಿ ಬಿ4 ಎಂದರೆ ಮೂಲ ಮಾದರಿಗೆ ಸಮನಾದದ್ದು. ಬಿ6 ಮೂಲ ಎತ್ತರಕ್ಕೇ ಮಾಡಿದ, ಹೆಚ್ಚು ಬಿಗಿಯ, ಒಂದೇ ಕೊಳವೆಯ ಅನಿಲ ತುಂಬಿದ ಮಾದರಿ. ತಗ್ಗಿಸಿದ ಸ್ಪ್ರಿಂಗ್‌ಗೆ ಮಾಡಿದ್ದು ಬಿ8. ಅಲೆಗಳ ರಸ್ತೆಗೆ ಬಿ6 ಚೆನ್ನಾಗಿ ಒಗ್ಗುತ್ತದೆ. ದಿನವೂ ಕಾಂಕ್ರೀಟಿನ ಮೇಲೆ ಓಡಾಡುವವರು ಕೋನಿಯ ಸ್ಪೆಷಲ್ ಆಕ್ಟಿವ್‌ನಂಥದ್ದನ್ನು ನೋಡಬಹುದು. ಬೇಗ ಬೇಗ ಬರುವ ಸಣ್ಣ ಅದುರಿಗೆ ಸಡಿಲವಾಗಿ, ನಿಧಾನವಾದ ತೂಗಾಟಕ್ಕೆ ಬಿಗಿಯಾಗುವ ವಾಲ್ವ್ ಅದರಲ್ಲಿದೆ. ಇನ್ನೂ ಚುರುಕು ಬೇಕೆನ್ನುವವರಿಗೆ ಹಿಂಬದಿಯ ತುಸು ದಪ್ಪನೆಯ ಸ್ಟೆಬಿಲೈಸರ್ ಬಾರ್ ಇದೆ. ಮುಂದಿನ ಚಕ್ರಗಳೇ ಎಳೆಯುವ ಭಾರದ ಮೂತಿಯ ಕಾರು ತಿರುವಿನಲ್ಲಿ ಹೊರಕ್ಕೆ ಜಾರುವ ಚಾಳಿಯನ್ನು ಅದು ಕಡಿಮೆ ಮಾಡುತ್ತದೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತುವಾಗ ಬಾರ್ ಸುಮ್ಮನಿರುತ್ತದೆ, ಒಂದೇ ಚಕ್ರ ಗುಂಡಿಗಿಳಿದಾಗ ಮಾತ್ರ ಪೆಟ್ಟನ್ನು ಆ ಕಡೆಗೂ ದಾಟಿಸುತ್ತದೆ. ಮಳೆಗಾಲದ ಕಸಾರಾ ಘಟ್ಟದಲ್ಲಿ ತೀರಾ ದಪ್ಪ ಬಾರ್ ಹಾಕಿಕೊಂಡು ಹೋಗುವುದನ್ನು ನಾನು ಒಪ್ಪಲಾರೆ. ಒದ್ದೆ ರಸ್ತೆಯಲ್ಲಿ ಹಿಂಭಾಗ ಮುನ್ಸೂಚನೆ ಕೊಡದೆ ಜಾರಬಹುದು.

ಸ್ಪ್ರಿಂಗ್ ಬದಲಿಸಲೇಬೇಕೆಂದರೆ ಮುಂದಿನದು ಹಿಂದಿನದು ಜೋಡಿಯಾಗಿ ಲೆಕ್ಕ ಹಾಕಿದ್ದೇ ಆಗಿರಬೇಕು. 1930ರ ದಶಕದಲ್ಲಿ ಮಾರಿಸ್ ಓಲಿ ಎಂಬ ಎಂಜಿನಿಯರ್ ಅಮೆರಿಕದ ಕ್ಯಾಡಿಲಾಕ್‌ನಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಉಬ್ಬು ಮೊದಲು ತಟ್ಟುವುದು ಮುಂದಿನ ಚಕ್ರಕ್ಕೆ, ಹಾಗಾಗಿ ಹಿಂಭಾಗದ ಲಯ ತುಸು ಚುರುಕಾಗಿದ್ದರೆ ಅದು ಮುಂಭಾಗದ ತೂಗಾಟವನ್ನು ಬೆನ್ನಟ್ಟಿ ಹಿಡಿಯುತ್ತದೆ, ಕಾರು ಮಟ್ಟಸವಾಗಿ ಸಾಗುತ್ತದೆ. ಮುಂದೆ ಮಾತ್ರ ಬಿರುಸು ಸ್ಪ್ರಿಂಗ್ ಹಾಕಿದರೆ ಈ ಲೆಕ್ಕ ತಿರುಗಾಮುರುಗಾ ಆಗಿ ಕಾರು ಮೂತಿ ಕುಣಿಸುತ್ತ ಹೋಗುತ್ತದೆ. ಸ್ಪ್ರಿಂಗಿನ ಸುರುಳಿ ಕತ್ತರಿಸುವುದನ್ನಂತೂ ಯಾವ ಗ್ಯಾರೇಜೂ ಮಾಡಬಾರದು. ಚಕ್ರ ನೇತಾಡಿದಾಗ ಕತ್ತರಿಸಿದ ಸ್ಪ್ರಿಂಗ್ ತಾನು ಕೂತ ಜಾಗದಿಂದಲೇ ಕಳಚಿಕೊಳ್ಳಬಹುದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮೂಲ ಎತ್ತರ, ಮೂಲ ಅಳತೆ ಕಾಯ್ದುಕೊಂಡು ಸವೆದ ಭಾಗ ಬದಲಿಸುವವರಿಗೆ ಆತಂಕ ಕಡಿಮೆ. ನನ್ನ ಆಸೆಯೆಂದರೆ, ವಾಳೂಜ್ ಮತ್ತು ಅಂಬಡ್‌ನ ಕಂಪನಿಗಳು ಎರೆನೆಲದ ಅಲೆಗೂ ಸಮೃದ್ಧಿಯ ಕೀಲಿಗೂ ಹೊಂದುವ ಶಾಕ್‌ಅಬ್ಸಾರ್ಬರ್‌ಗಳನ್ನು ಇಲ್ಲೇ ರೂಪಿಸಿ, ಪರೀಕ್ಷೆ ಮಾಡಿಸಿ, ಅನುಮೋದನೆಯ ಮುದ್ರೆಯೊಂದಿಗೆ ಮಾರಬೇಕು. ದಖ್ಖನಿನ ರಸ್ತೆಯನ್ನು ನೋಡದವರು ಮಾಡಿದ ಬಿಗಿಯನ್ನು ನಾವು ಆಮದು ಮಾಡಿಕೊಂಡು ಸಹಿಸಿಕೊಳ್ಳಬೇಕಾದ ಕಾರಣ ನನಗೆ ಕಾಣುತ್ತಿಲ್ಲ.

ಕೆಲಸ ಮಾಡಿಸುವ ದಿನ ಗ್ಯಾರೇಜಿನಲ್ಲೇ ನಿಂತು ಗಮನಿಸಬೇಕಾದ್ದು ಒಂದಿದೆ. ಕಾರು ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಆರ್ಮ್‌ಗಳ ಬುಷ್ ಬೋಲ್ಟ್ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕೂಡಲೇ ಒಳಗಿನ ರಬ್ಬರು ತಿರುಚಿಕೊಳ್ಳುತ್ತದೆ. ಅದು ಹಾಗೇ ತಿರುಚಿಕೊಂಡು ಓಡಿ ಅವಧಿಗೆ ಮೊದಲೇ ಹರಿಯುತ್ತದೆ. ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಬಿಟ್ಟ ಮೇಲೆ ಟಾರ್ಕ್ ವ್ರೆಂಚ್‌ನಿಂದ ಬಿಗಿಯಲು ಹೇಳಿ. ಅಲೈನ್‌ಮೆಂಟ್ ಅದಾದ ಮೇಲೆ.