ಜಪಾನಿ ಭಾಷೆಯ ಪುರುಷಾಂಗವಾಚಕ ಆಡುಪದಗಳು: ಪದಸ್ತರ, ಸೌಮ್ಯೋಕ್ತಿ ಮತ್ತು ಒಂದು ತೆರಪು

ಸಾರಾಂಶ: ಜಪಾನಿ ಭಾಷೆಯಲ್ಲಿ ಪುರುಷನ ಜನನಾಂಗವನ್ನು ಸೂಚಿಸುವ ಪದಗಳು ಹೇರಳವಾಗಿವೆ. ಆದರೆ ವಯಸ್ಕರು ಪರಸ್ಪರ ಸಂಕೋಚವಿಲ್ಲದೆ ಬಳಸಬಹುದಾದ ತಟಸ್ಥ ಆಡುಪದವು ಅವುಗಳಲ್ಲಿ ದೊರೆಯುವುದಿಲ್ಲ. ಪದರಚನೆಯನ್ನೂ ಬಳಕೆಯ ಸನ್ನಿವೇಶವನ್ನೂ ಒಟ್ಟಿಗೆ ಪರಿಶೀಲಿಸಿ ಈ ತೆರಪನ್ನು ಇಲ್ಲಿ ವಿವರಿಸಿದ್ದೇವೆ.

1. ಪದಸ್ತರಗಳು

ಜಪಾನಿ ಶಬ್ದಸಂಪತ್ತಿನಲ್ಲಿ ಮೂರು ಮುಖ್ಯ ಸ್ತರಗಳನ್ನು ಗುರುತಿಸಲಾಗುತ್ತದೆ: ದೇಶ್ಯವಾದ ‘ವಾಗೊ’, ಚೀನೀ ಮೂಲದ ‘ಕಾಂಗೊ’, ಬಹುಪಾಲು ಪಾಶ್ಚಾತ್ಯ ಭಾಷೆಗಳಿಂದ ಬಂದ ‘ಗಾಯ್‌ರಾಯ್‌ಗೊ’. ಕನ್ನಡ ವ್ಯಾಕರಣದ ದೇಶ್ಯ, ತತ್ಸಮ, ಅನ್ಯದೇಶ್ಯ ಎಂಬ ವಿಭಾಗಕ್ಕೆ ಇದು ಹತ್ತಿರವಾದುದು. ನಮ್ಮ ಪ್ರಸ್ತುತ ವಿಷಯದಲ್ಲಿ ಪ್ರತಿಯೊಂದು ಸ್ತರಕ್ಕೂ ತನ್ನದೇ ಆದ ಕಾರ್ಯಕ್ಷೇತ್ರವಿದೆ.

ವೈದ್ಯಕೀಯ ಮತ್ತು ಕಾನೂನಿನ ಬರಹಗಳು ಕಾಂಗೊ ಪದಗಳನ್ನು ಆಶ್ರಯಿಸುತ್ತವೆ: ಶಿಶ್ನಕ್ಕೆ ‘ಇಂಕೇ’, ವೃಷಣಕ್ಕೆ ‘ಕೋಗಾನ್’, ವೃಷಣಕೋಶಕ್ಕೆ ‘ಇನ್ನೋ’. ‘ಇಂಕೇ’ ಪದದ ಎರಡು ಲಿಪಿಚಿಹ್ನೆಗಳು ಕ್ರಮವಾಗಿ ‘ಮರೆ’, ‘ಕಾಂಡ’ ಎಂಬ ಅರ್ಥಗಳನ್ನು ಕೊಡುತ್ತವೆ. 2023ರಲ್ಲಿ ತಿದ್ದುಪಡಿಗೊಂಡ ದಂಡಸಂಹಿತೆಯ 177ನೆಯ ವಿಧಿಯಲ್ಲಿಯೂ ಇದೇ ಪದವಿದೆ. ಕನ್ನಡದ ವೈದ್ಯಕೀಯ ಬರಹವು ಸಂಸ್ಕೃತದ ‘ಶಿಶ್ನ’, ‘ವೃಷಣ’ಗಳಿಗೆ ಮೊರೆಹೋಗುವುದೂ ಇಂಥದೇ ಪ್ರವೃತ್ತಿ. ಎರವಲು ತಂದುಕೊಡುವ ದೂರವೇ ಇಲ್ಲಿ ಶಿಷ್ಟತೆಯ ಆಧಾರ. ‘ಪೆನಿಸು’ ಎಂಬ ಪಾಶ್ಚಾತ್ಯ ಎರವಲೂ ಇದೇ ಕೆಲಸವನ್ನು ಮಾಡುತ್ತದೆಯಾದರೂ ಮನೆಮಾತಿನಲ್ಲಿ ಅದು ಪಠ್ಯಪುಸ್ತಕದ ಪದದಂತೆ ಕೇಳಿಸುತ್ತದೆ.

2. ಶಿಶುಪದ ಮತ್ತು ಗ್ರಾಮ್ಯಪದ

ಆಡುಮಾತಿನ ಕೇಂದ್ರದಲ್ಲಿರುವುದು ‘ಚಿನ್’ ಎಂಬ ಅಂಶ. ಅದರ ದ್ವಿರುಕ್ತಿಯಿಂದ ‘ಚಿಂಚಿನ್’ ಸಿದ್ಧವಾಗುತ್ತದೆ. ನಾಯಿಗೆ ‘ವಾನ್‌ವಾನ್’, ಬೆಕ್ಕಿಗೆ ‘ನ್ಯಾನ್‌ನ್ಯಾನ್’ ಎನ್ನುವ ಶಿಶುಭಾಷೆಯ ರಚನೆಯೇ ಇದು. ಇದಕ್ಕೆ ಗೌರವಸೂಚಕ ‘ಒ’ ಪೂರ್ವಪ್ರತ್ಯಯ ಸೇರಿದಾಗ, ತಾಯಂದಿರು ಮಕ್ಕಳೊಡನೆ ಬಳಸುವ ‘ಒಚಿಂಚಿನ್’ ದೊರೆಯುತ್ತದೆ. ಅದೇ ಅಂಶಕ್ಕೆ ಅಲ್ಪಾರ್ಥಕ ‘ಕೊ’ ಸೇರಿದ ‘ಚಿಂಕೊ’ ಹಾಗೂ ‘ಚಿಂಪೊ’ ರೂಪಗಳು ವಯಸ್ಕರ ಬಾಯಲ್ಲಿ ಒರಟು ಪದಗಳೆನಿಸುತ್ತವೆ. ನಿಷೇಧವು ಅಂಶದ ಧ್ವನಿಗೆ ಅಂಟಿಕೊಂಡಿಲ್ಲವೆಂಬುದು ಗಮನಾರ್ಹ: ಟ್ರಾಮ್ ಬಂಡಿಗೆ ಅದರ ಗಂಟೆಯ ನಾದದಿಂದ ‘ಚಿಂಚಿನ್ ದೆನ್‌ಶಾ’ ಎಂಬ ಹೆಸರು ಬಂದಿದೆ, ನಾಯಿ ಹಿಂಗಾಲೂರಿ ಎದ್ದು ಕೂರುವ ಆಟಕ್ಕೂ ‘ಚಿಂಚಿನ್’ ಎಂದೇ ಹೆಸರು. ಇವನ್ನು ಆಡಲು ಯಾರೂ ಹಿಂಜರಿಯುವುದಿಲ್ಲ.

ವೃಷಣವಾಚಕ ‘ಕಿಂತಮ’ದ ರಚನೆ ಬೇರೆ. ‘ಕಿನ್’ (ಚಿನ್ನ) ಚೀನೀ ಉಚ್ಚಾರಣೆ. ‘ತಮ’ (ಗುಂಡು) ದೇಶ್ಯ. ಕನ್ನಡ ವೈಯಾಕರಣರು ಇದನ್ನು ಅರಿಸಮಾಸವೆಂದು ಕರೆಯುತ್ತಿದ್ದರು.

3. ಮರೆಮಾತುಗಳು

ಸೌಮ್ಯೋಕ್ತಿಗಳಲ್ಲಿ ಎರಡು ಮಾರ್ಗಗಳು ಪ್ರಧಾನವಾಗಿವೆ. ಮೊದಲನೆಯದು ಬಂಧುತ್ವದ ರೂಪಕ: ಪುರುಷರು ವಿನೋದವಾಗಿ ತಮ್ಮ ಅಂಗವನ್ನು ‘ಮುಸುಕೊ’ (ಮಗ) ಎನ್ನುತ್ತಾರೆ. ಎರಡನೆಯದು ನಿರ್ದೇಶಕ ಪದ: ‘ಅಸೊಕೊ’ (ಅಲ್ಲಿ) ಎಂಬುದು ಸ್ತ್ರೀಪುರುಷರಿಬ್ಬರ ಅಂಗಕ್ಕೂ ಸಲ್ಲುತ್ತದೆ. ಜಪಾನಿಯ ನಿರ್ದೇಶಕಗಳು ‘ಕೊ’, ‘ಸೊ’, ‘ಅ’ ಎಂಬ ಮೂರು ಶ್ರೇಣಿಗಳಲ್ಲಿವೆ. ದೇಹದ ಭಾಗಕ್ಕೆ ದೂರವಾಚಕವಾದ ‘ಅ’ ಶ್ರೇಣಿ ಏಕೆ ಬಂದಿತು? ವಕ್ತೃ ಮತ್ತು ಶ್ರೋತೃ ಇಬ್ಬರಿಗೂ ಮೊದಲೇ ತಿಳಿದಿರುವ ವಿಷಯವನ್ನು ಸೂಚಿಸುವುದೂ ಈ ಶ್ರೇಣಿಯ ಕಾರ್ಯ. ಹೆಸರಿಸದೆಯೇ ಇಬ್ಬರೂ ಅರಿತಿದ್ದೇವೆ ಎಂಬ ಒಡಂಬಡಿಕೆ ಆ ಪದದಲ್ಲಿದೆ ಎಂದು ನಾವು ಭಾವಿಸುತ್ತೇವೆ.

‘ಮರ’ ಎಂಬ ಹಳೆಯ ಪದವೂ ಮರೆಮಾತಾಗಿ ಹುಟ್ಟಿತೆಂಬುದು ಪರಂಪರಾಗತ ವಿವರಣೆ. ಅದರಂತೆ ಇದರ ಮೂಲ ಸಂಸ್ಕೃತದ ‘ಮಾರ’. ಸಾಧನೆಗೆ ಅಡ್ಡಿಯಾಗುವುದನ್ನು ಬೌದ್ಧ ಭಿಕ್ಷುಗಳು ಹೀಗೆ ಕರೆದರು. ಕನ್ನಡ ಕಾವ್ಯದಲ್ಲಿ ಮನ್ಮಥನಾಗಿ ಮೆರೆದ ಹೆಸರು ಅಲ್ಲಿ ಅಂಗನಾಮವಾಯಿತು. ಕವಾಸಾಕಿಯ ಕನಯಾಮ ದೇಗುಲದ ‘ಕನಮರ ಮತ್ಸುರಿ’ ಉತ್ಸವದ ಹೆಸರಿನಲ್ಲಿ ಅದು ಇಂದಿಗೂ ಬಹಿರಂಗವಾಗಿದೆ. ವೃಷಣವಾಚಕ ‘ಫುಗುರಿ’ ಮಾತಿನಿಂದ ಮರೆಯಾದರೂ, ವಸಂತದಲ್ಲಿ ಅರಳುವ ನೀಲಿ ಹೂವಿನ ‘ಓಇನುನೊಫುಗುರಿ’ ಎಂಬ ಸಸ್ಯನಾಮದಲ್ಲಿ ಉಳಿದಿದೆ. ಅದರ ಎರಡು ಹೋಳಿನ ಕಾಯಿಯ ಆಕಾರವೇ ಈ ಹೆಸರಿಗೆ ಕಾರಣ.

4. ತೆರಪು ಮತ್ತು ಅದರ ಪರಿಣಾಮ

ಮೇಲಿನ ಪದಗಳನ್ನು ಯಾರು ಯಾರಿಗೆ ಹೇಳಬಹುದು ಎಂಬ ಪ್ರಶ್ನೆಯಿಂದ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ‘ಇಂಕೇ’ ಬರಹಕ್ಕೆ, ‘ಒಚಿಂಚಿನ್’ ಮಗುವಿಗೆ, ‘ಚಿಂಕೊ’ ಗೆಳೆಯರ ಗುಂಪಿಗೆ, ‘ಅಸೊಕೊ’ ಸಂಕೋಚಕ್ಕೆ. ನಡುವಿನ ಸ್ಥಾನ ಬರಿದಾಗಿದೆ. ವೈದ್ಯರ ಮುಂದೆ ಕುಳಿತ ವಯಸ್ಕ ರೋಗಿಯು ಬರಹದ ಪದವನ್ನೋ ಮಗುವಿನ ಪದವನ್ನೋ ಎರವಲು ಪಡೆಯಬೇಕಾಗುತ್ತದೆ. ‘ಅಸೊಕೊ’ ಎಂದರೆ ನೋವಿರುವ ನಿರ್ದಿಷ್ಟ ಭಾಗ ತಿಳಿಯುವುದಿಲ್ಲ. ಹುಡುಗಿಯರಿಗಂತೂ ‘ಒಚಿಂಚಿನ್’ಗೆ ಸಮನಾದ ಸರ್ವಸಮ್ಮತ ಶಿಶುಪದವೂ ಇಲ್ಲ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಈ ಕೊರತೆ ಇನ್ನಷ್ಟು ಗಂಭೀರವಾದುದು. ಜಪಾನಿನ ಶಿಕ್ಷಣ ಸಚಿವಾಲಯವು 2021ರಲ್ಲಿ ಪ್ರಕಟಿಸಿದ ಸುರಕ್ಷತಾ ಬೋಧನೆಯ ಸಾಮಗ್ರಿಯು ಎಳೆಯರಿಗೆ ‘ಈಜುಡುಗೆಯಿಂದ ಮರೆಯಾಗುವ ಭಾಗ’ ಎಂಬ ಆಶಯದ ವಿವರಣೆಯನ್ನು ನೀಡಿದೆ. ಇದು ಗಡಿಯನ್ನು ತೋರಿಸುತ್ತದೆ, ಅಂಗವನ್ನು ಹೆಸರಿಸುವುದಿಲ್ಲ. ತನಗಾದುದನ್ನು ಹೇಳಬೇಕಾದ ಮಗುವಿಗೆ ಎರಡೂ ಅಗತ್ಯ.

ಆದುದರಿಂದ ದ್ವಿಭಾಷಾ ನಿಘಂಟುಕಾರರು ಇಂಥ ಪದಗಳಿಗೆ ‘ಅಶ್ಲೀಲ’ ಎಂಬ ಒಂದೇ ಪಟ್ಟಿಯನ್ನು ಅಂಟಿಸುವುದು ಸಾಲದು. ವಕ್ತೃ, ಶ್ರೋತೃ, ಸನ್ನಿವೇಶ ಈ ಮೂರನ್ನೂ ನಮೂದಿಸಬೇಕು. ‘ಒಚಿಂಚಿನ್’ ಪದವನ್ನು ‘ಶಿಶ್ನ’ ಎಂದು ಅನುವಾದಿಸಿದರೆ ಅರ್ಥ ಉಳಿಯುತ್ತದೆ. ಆದರೆ ಅದನ್ನು ಆಡಿದ ಮಗು ಕಾಣೆಯಾಗುತ್ತದೆ.