ಪೊದೆ ಹಿಂದೆ ಕೂತವನ ಲೆಕ್ಕ

ಮೊಬೈಲ್ ಗೇಮ್ ಬಗ್ಗೆ ನಾನು ಒಮ್ಮೆ ಅರ್ಧ ಗಂಟೆ ಕಿರುಚಿದ್ದೇನೆ. ಹಿಂದೆ ಕೆಂಪು ಗ್ರಾಫಿಕ್ಸು, ಕೆಳಗೆ 'ಮಕ್ಕಳ ಕೈಯಲ್ಲಿ ಬಾಂಬ್' ಅನ್ನೋ ಪಟ್ಟಿ, ಒಬ್ಬ ಮನೋವೈದ್ಯರು, ಇಬ್ಬರು ಪೋಷಕರು, ನಡುವೆ ನಾನು. ಕಾರ್ಯಕ್ರಮ ಚೆನ್ನಾಗೇ ಓಡಿತು. ಒಂದು ವಿಷಯ ಮಾತ್ರ ಅವತ್ತು ನಿಮಗೆ ಹೇಳಿರಲಿಲ್ಲ. ನಾನು ಅಲ್ಲಿಯವರೆಗೆ ಅಂಥ ಒಂದೇ ಒಂದು ಆಟವನ್ನೂ ಆಡಿರಲಿಲ್ಲ.

2025ರ ದೀಪಾವಳಿಗೆ ಜಾವಗಲ್‌ನ ಅಕ್ಕನ ಮನೆಗೆ ಹೋದಾಗ ಆ ಸಾಲ ತೀರಿಸಬೇಕಾಗಿ ಬಂತು. ಚಪ್ಪಲಿ ಬಿಡುವಷ್ಟರಲ್ಲೇ ಅಕ್ಕ ಶುರು ಮಾಡಿದಳು. "ಊರಿಗೆಲ್ಲ ಟಿವೀಲಿ ಬುದ್ಧಿ ಹೇಳ್ತೀಯಲ್ಲ, ಇವನಿಗೂ ಒಂಚೂರು ಹೇಳು. ರಾತ್ರಿ ಹನ್ನೊಂದಾದ್ರೂ ಮೊಬೈಲ್ ಕೆಳಗಿಡಲ್ಲ. ಯಾರ್ ಯಾರ್ ಜೊತೆಗೋ ಮಾತಾಡ್ತಿರ್ತಾನೆ. ನಮ್ ಜೊತೆ ಮಾತ್ರ ಬಾಯಿ ಬಿಡಲ್ಲ."

ಅವನು ಅಂದರೆ ಅವಳ ಮಗ. ಅರಸೀಕೆರೆಗೆ ದಿನಾ ಬಸ್ಸಲ್ಲಿ ಹೋಗಿಬಂದು ಸೆಕೆಂಡ್ ಪಿಯುಸಿ ಓದ್ತಾನೆ. ಫಸ್ಟ್ ಪಿಯುಸಿಯಲ್ಲಿ ಫಿಸಿಕ್ಸ್ ಕೈಕೊಟ್ಟಿತ್ತು, ಮತ್ತೆ ಬರೆದು ಪಾಸಾದ. ಆಮೇಲಿಂದ ಮನೆಯಲ್ಲಿ ಅವನ ಮಾತು 'ಹೂಂ', 'ಊಟ ಆಯ್ತು' ಇಷ್ಟಕ್ಕೆ ಬಂದು ನಿಂತಿದೆ. ನಾನು ಜಗಲಿಗೆ ಹೋಗಿ ಪಕ್ಕದಲ್ಲಿ ಕೂತೆ. ಅಲ್ಲಿ ಮಾತ್ರ ನೆಟ್‌ವರ್ಕ್ ಚೆನ್ನಾಗಿ ಸಿಗೋದಂತೆ. ಆ್ಯಂಕರ್ ಅಲ್ವಾ, ಮೊದಲ ಪ್ರಶ್ನೆ ಸಿದ್ಧವೇ ಇತ್ತು. "ಇದು ದುಡ್ಡು ಕಟ್ಟಿ ಆಡೋದೇನೋ?"

"ಅಲ್ಲ ಮಾವ. ಅದು ರಮ್ಮಿ. ಇದು ಟ್ಯಾಂಕು."

ಹುಡುಗ ಹೇಳಿದ್ದು ಸರಿ. ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಟ್ಟು ಆಡೋ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್ ಅನ್ನೋದನ್ನು ಬೇರೆ ಇಟ್ಟಿತು. ಇವನು ಆಡ್ತಿದ್ದದ್ದು 'ವರ್ಲ್ಡ್ ಆಫ್ ಟ್ಯಾಂಕ್ಸ್ ಬ್ಲಿಟ್ಜ್'. ಮೂಲ ಆಟ 2010ರಲ್ಲಿ ಕಂಪ್ಯೂಟರಿಗೆ ಬಂದದ್ದು, ಹದಿನೈದು ಜನರ ಎದುರು ಹದಿನೈದು ಜನ. 2014ರಲ್ಲಿ ಬಂದ ಮೊಬೈಲ್ ರೂಪದಲ್ಲಿ ಏಳು ಜನರ ಎದುರು ಏಳು ಜನ. ಒಂದು ಕಾಳಗಕ್ಕೆ ಹೆಚ್ಚೆಂದರೆ ಏಳು ನಿಮಿಷ. ಸತ್ತರೆ ಮತ್ತೆ ಹುಟ್ಟೋದಿಲ್ಲ, ಉಳಿದವರು ಆಡೋದನ್ನು ನೋಡ್ತಾ ಕೂರಬೇಕು.

ನಾನು ನೋಡ್ತಾ ಕೂತೆ. ಮೊದಲ ಕಾಳಗದಲ್ಲಿ ಒಂದು ನಿಮಿಷವೂ ಬದುಕಲಿಲ್ಲ. 'ಮೈನ್ಸ್' ಅನ್ನೋ ನಕ್ಷೆ, ನಡುವೆ ಒಂದು ಗುಡ್ಡ. ಗುಡ್ಡ ಹಿಡಿದವನು ಸುತ್ತ ನೋಡಬಹುದು ಅಂತ ಅರ್ಥವಾಯಿತು, ಹೆವಿ ಟ್ಯಾಂಕ್ ತಗೊಂಡು ಸೀದಾ ನುಗ್ಗಿದೆ. ಮೂರು ಕಡೆಯಿಂದ ಹೊಡೆದರು. "ಒಬ್ಬನಾದ್ರೂ ಹಿಂದೆ ಬಂದ್ನಾ ನೋಡು! ಎಂಥ ಟೀಮ್ ಇದು?" ಅಂದೆ.

"ನಿನ್ ಟ್ಯಾಂಕು ಭಾರದ್ದು ಮಾವ, ನಿಧಾನಕ್ಕೆ ಹತ್ತುತ್ತೆ. ಅವರ ಹಗುರದ ಟ್ಯಾಂಕು ಆಗಲೇ ಮೇಲಿದ್ವು. ನಮ್ಮೋರು ಇನ್ನೂ ಕೆಳಗಿದ್ರು. ನೀನು ಡಿಬೇಟಲ್ಲಿ ನುಗ್ಗಿದಂಗೆ ನುಗ್ಗಿಬಿಟ್ಟೆ."

ನಮ್ಮ ಮನೆಗಳಲ್ಲಿ ಅಭಿಮನ್ಯುವಿನ ಕಥೆ ಕೇಳದವರಿಲ್ಲ. ಚಕ್ರವ್ಯೂಹ ಹೊಕ್ಕ, ಹೊರಬರೋದು ಗೊತ್ತಿರಲಿಲ್ಲ ಅಂತ ಅಷ್ಟಕ್ಕೇ ಮುಗಿಸಿಬಿಡ್ತೀವಿ. ಹಿಂದೆ ಬರಬೇಕಿದ್ದ ಭೀಮಾದಿಗಳನ್ನು ಜಯದ್ರಥ ಬಾಗಿಲಲ್ಲೇ ತಡೆದ, ಆ ಹುಡುಗ ಸತ್ತದ್ದು ಅಲ್ಲಿ. ನನ್ನ ಕಥೆ ಅಷ್ಟು ದೊಡ್ಡದಲ್ಲ. ನನ್ನವರನ್ನು ಯಾರೂ ತಡೆದಿರಲಿಲ್ಲ, ನಾನೇ ಕಾದಿರಲಿಲ್ಲ.

ಎರಡನೇ ಪಾಠ ನನ್ನ ಎಂಜಿನಿಯರಿಂಗ್ ತಲೆಗೆ ಸರಿಯಾಗಿ ಹಿಡಿಸಿತು. ಸೌತೆಕಾಯಿ ಕೊಯ್ಯೋದು ನೋಡಿದ್ದೀರಲ್ಲ? ನೇರ ಕೊಯ್ದರೆ ದುಂಡನೆ ಸಣ್ಣ ಬಿಲ್ಲೆ, ಓರೆ ಕೊಯ್ದರೆ ಉದ್ದನೆ ಬಿಲ್ಲೆ. ಕಾಯಿ ಅದೇ, ಚಾಕು ದಾಟಬೇಕಾದ ದೂರ ಜಾಸ್ತಿ. ಟ್ಯಾಂಕಿನ ಉಕ್ಕಿನ ತಗಡಿಗೂ ಇದೇ ಲೆಕ್ಕ. 100 ಮಿಲಿಮೀಟರ್ ದಪ್ಪದ ತಗಡಿಗೆ ಗುಂಡು ನೇರ ಬಡಿದರೆ 100 ಮಿಲಿಮೀಟರ್ ಕೊರೆದರೆ ಸಾಕು. ತಗಡನ್ನು 60 ಡಿಗ್ರಿ ಓರೆ ಮಾಡಿ, ಅದೇ ಗುಂಡು 200 ಮಿಲಿಮೀಟರ್ ಕೊರೀಬೇಕು. ಅದಕ್ಕೇ ಆಟ ಬಲ್ಲವರು ಎದುರಾಳಿಗೆ ನೇರ ಮುಖ ಕೊಡೋದಿಲ್ಲ, ಸ್ವಲ್ಪ ಓರೆಯಾಗಿ ನಿಲ್ತಾರೆ.

ಹಾಗಾದರೆ ಓರೆ ನಿಂತವನನ್ನು ಕೆಡವೋದು ಹೇಗೆ? ಒಬ್ಬನಿಂದ ಕಷ್ಟ. ಇಬ್ಬರು ಬೇಕು, ಒಬ್ಬ ಮುಂದೆ, ಒಬ್ಬ ಪಕ್ಕದಲ್ಲಿ. ಒಬ್ಬನಿಗೆ ಓರೆಯಾದ ಟ್ಯಾಂಕು ಇನ್ನೊಬ್ಬನಿಗೆ ತನ್ನ ತೆಳು ಪಕ್ಕೆ ತೋರಿಸ್ತದೆ. ಏಕಕಾಲಕ್ಕೆ ಇಬ್ಬರಿಗೂ ಓರೆಯಾಗಿ ನಿಲ್ಲೋಕೆ ಅದರ ಕೈಲಿ ಆಗಲ್ಲ. 'ಒಗ್ಗಟ್ಟಲ್ಲಿ ಬಲವಿದೆ' ಅಂತ ಪ್ರೈಮರಿ ಸ್ಕೂಲಲ್ಲಿ ಗೋಡೆ ಮೇಲೆ ಬರೆದಿರ್ತಿದ್ರು. ಅದು ಕೋನದ ಲೆಕ್ಕ ಅಂತ ಯಾರಾದರೂ ಆಗಲೇ ಹೇಳಿದ್ದರೆ ನಾನು ಇನ್ನೂ ಬೇಗ ನಂಬ್ತಿದ್ದೆ.

ಇನ್ನೊಂದು ಲೆಕ್ಕ ಇದೆ. ಇದು ಹುಡುಗನಿಗೆ ಗೊತ್ತಿರಲಿಲ್ಲ, ನಾನು ಹೇಳಿಕೊಟ್ಟೆ. ಫ್ರೆಡರಿಕ್ ಲ್ಯಾಂಚೆಸ್ಟರ್ ಅಂತ ಇಂಗ್ಲೆಂಡಿನ ಒಬ್ಬ ಕಾರು ಎಂಜಿನಿಯರ್ ಇದ್ದರು. ದೂರದಿಂದ ಗುಂಡು ಹಾರಿಸೋ ಕಾಳಗದ ಬಗ್ಗೆ ಅವರು 1916ರಲ್ಲಿ ಪುಸ್ತಕವಾಗಿ ತಂದ ನಿಯಮ ಹೀಗಿದೆ: ಎಲ್ಲರಿಗೂ ಎಲ್ಲರೂ ಕಾಣ್ತಿದ್ದರೆ, ಒಂದು ಪಡೆಯ ಬಲ ಅದರ ಸಂಖ್ಯೆಯಲ್ಲ, ಸಂಖ್ಯೆಯ ವರ್ಗ. ಏಳು ಜನರ ಬಲ ಏಳಲ್ಲ, 49. ಈಗ ನೋಡಿ. ಎರಡೂ ಕಡೆ ಏಳೇಳು ಟ್ಯಾಂಕು, ಎಲ್ಲರೂ ಸಮಾನ ಆಟಗಾರರು. ನಮ್ಮವರು ಮೂರು ಜನ ಎಡಕ್ಕೆ, ನಾಲ್ಕು ಜನ ಬಲಕ್ಕೆ ಹೋದರು. ಅವರು ಏಳೂ ಜನ ಒಟ್ಟಿಗೆ ಎಡಕ್ಕೆ ಬಂದರು. 49ರಲ್ಲಿ 9 ಕಳೆದರೆ 40. ಅದರ ವರ್ಗಮೂಲ ಆರಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ನಮ್ಮ ಮೂವರನ್ನು ಮುಗಿಸಿಯೂ ಅವರ ಬಲ ಹತ್ತಿರ ಹತ್ತಿರ ಹಾಗೇ ಇದೆ. ಆಮೇಲೆ ಬಲಕ್ಕೆ ತಿರುಗಿ ನಮ್ಮ ನಾಲ್ವರನ್ನು ಹಿಡಿದರು. 40ರಲ್ಲಿ 16 ಕಳೆದರೆ 24, ವರ್ಗಮೂಲ ಹೆಚ್ಚುಕಡಿಮೆ ಐದು. ಏಳು-ಏಳರ ಕಾಳಗ ಐದು-ಸೊನ್ನೆಗೆ ಮುಗೀತು! ಯಾರೂ ಕೆಟ್ಟದಾಗಿ ಆಡಲಿಲ್ಲ. ಬೇರೆ ಬೇರೆ ಆದರು, ಅಷ್ಟೇ.

ಹುಡುಗ ಇದನ್ನು ನೋಟ್‌ಬುಕ್ ತಂದು ಬರೆದುಕೊಂಡ. ಅಕ್ಕ ಬಾಗಿಲಿನಿಂದ ಇಣುಕಿ, ಓದ್ತಿದ್ದಾನೆ ಅಂದುಕೊಂಡು ಸಂತೋಷದಿಂದ ಒಳಗೆ ಹೋದಳು. ನಾವಿಬ್ಬರೂ ತಿದ್ದಲಿಲ್ಲ.

ಅದಕ್ಕೆ ಅವನು ಸೇರಿಸಿದ ಮಾತೊಂದಿದೆ. ಆಟದಲ್ಲಿ ಟ್ಯಾಂಕಿನ ಆಯುಸ್ಸು ಅಂಕಿಯಲ್ಲಿರತ್ತೆ. ಆ ಅಂಕಿ ಒಂದಕ್ಕೆ ಇಳಿದಿದ್ದರೂ ಅದರ ತೋಪು ಹೊಸ ಟ್ಯಾಂಕಿನಷ್ಟೇ ಜೋರಾಗಿ ಹೊಡೆಯುತ್ತೆ. "ಮೂವರನ್ನ ಅರ್ಧರ್ಧ ಹೊಡೆದ್ರೆ ಮೂರು ತೋಪೂ ನಮ್ ಮೇಲೇ ಇರತ್ತೆ ಮಾವ. ಎಲ್ರೂ ಸೇರಿ ಒಬ್ಬನನ್ನ ಪೂರ್ತಿ ಮುಗಿಸ್ಬೇಕು, ಆಮೇಲೆ ಇನ್ನೊಬ್ಬ."

ಆದರೆ ಇದೆಲ್ಲ ಆಗಬೇಕಾದರೆ ಮೊದಲು ಎದುರಾಳಿ ಕಾಣಬೇಕಲ್ಲ? ಈ ಆಟದ ಹೂರಣ ಇರೋದು ಇಲ್ಲಿ. ನಮ್ಮ ಏಳು ಜನರಲ್ಲಿ ಯಾರ ಕಣ್ಣಿಗೂ ಬೀಳದ ಎದುರಾಳಿ ಪರದೆ ಮೇಲೆ ಮೂಡೋದೇ ಇಲ್ಲ. ಒಬ್ಬನಿಗೆ ಕಂಡರೆ ಸಾಕು, ಎಲ್ಲರಿಗೂ ಕಾಣ್ತಾನೆ. ಅದಕ್ಕೆ ಸಣ್ಣ, ವೇಗದ ಲೈಟ್ ಟ್ಯಾಂಕ್ ಮುಂದೆ ಹೋಗಿ ಪೊದೆ ಹಿಂದೆ ಕೂರುತ್ತೆ. ಕದಲೋದಿಲ್ಲ. ಮುಖ್ಯವಾಗಿ, ಗುಂಡು ಹಾರಿಸೋದಿಲ್ಲ. ಹಾರಿಸಿದರೆ ಅಡಗಿದ ಜಾಗ ಬಯಲಾಗತ್ತೆ. ಅವನು ತೋರಿಸ್ತಾನೆ, ಹಿಂದಿನ ದೊಡ್ಡ ತೋಪುಗಳು ಹೊಡೀತವೆ. ನಮ್ಮ ಹುಡುಗ ಆಡೋದು ಇದನ್ನೇ. ಎದುರಾಳಿ ಸರಿಯಾಗಿ ಮುಂದೆ ಬಂದು ನಿಂತಾಗಲೂ ಗುಂಡಿ ಒತ್ತದೆ ಬೆರಳು ತಡೆದು ಕೂತಿದ್ದನ್ನು ನಾನೇ ನೋಡಿದೆ.

ಜಾವಗಲ್ ಅಂದ ಕೂಡಲೇ ನಿಮಗೆ ಶ್ರೀನಾಥ್ ನೆನಪಾಗಿರ್ತಾರೆ. ಹುಟ್ಟಿದ್ದು ಮೈಸೂರಾದರೂ ಹೆಸರಿನ ಮುಂದಿರೋದು ಈ ಊರು. 1999ರ ಫೆಬ್ರವರಿ 7, ದೆಹಲಿ ಟೆಸ್ಟ್. ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಿದೆ, ಒಂಬತ್ತೂ ಅನಿಲ್ ಕುಂಬ್ಳೆಯವರದು. ಆ ಕಡೆಯಿಂದ ಬೌಲ್ ಮಾಡಬೇಕಾದವರು ಶ್ರೀನಾಥ್. ಅವರು ವಿಕೆಟ್ ಸಿಗದ ಹಾಗೆ ಸ್ಟಂಪಿನಿಂದ ದೂರ ಚೆಂಡು ಹಾಕಿದರು. ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಔಟ್, ಕುಂಬ್ಳೆಗೆ 74 ರನ್ನಿಗೆ ಹತ್ತು. ಆ ಇನಿಂಗ್ಸಿನಲ್ಲಿ ಶ್ರೀನಾಥ್ ಹೆಸರಿನ ಮುಂದಿದ್ದ ವಿಕೆಟ್ ಸೊನ್ನೆ. ಅಂದ ಹಾಗೆ ಇಬ್ಬರೂ ಎಂಜಿನಿಯರಿಂಗ್ ಓದಿದವರು. ಆ ಕೋರ್ಸಿನಿಂದ ಕೆಟ್ಟು ಟಿವಿಗೆ ಬಂದವನು ನಾನೊಬ್ಬನೇ ಇರಬೇಕು.

ಮರುದಿನ ಬೆಳಿಗ್ಗೆ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋದೆವು. ಹೊಯ್ಸಳರ ಕಾಲದ್ದು, 13ನೇ ಶತಮಾನ. ಗೋಡೆಯ ಬುಡದಲ್ಲಿ ಪಟ್ಟಿಪಟ್ಟಿಯಾಗಿ ಕೆತ್ತನೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು. ಚಿಕ್ಕಂದಿನಿಂದ ನೋಡಿದ್ದೇ. ಹುಡುಗ ಬೆರಳು ಮಾಡಿ, "ಹೆವಿ... ಲೈಟ್" ಅಂದ. ಭಾರ ಹೊರೋಕೆ ಆನೆ, ಓಡಿ ನೋಡಿಬರೋಕೆ ಕುದುರೆ. ಚತುರಂಗ ಬಲ ಅಂತ ನಮ್ಮ ಹಿರಿಯರು ನಾಲ್ಕು ಅಂಗ ಮಾಡಿದ್ದು ಸುಮ್ಮನೆ ಅಲ್ಲ. ಎಲ್ಲ ಆನೆಯೇ ಆದರೂ ಕೆಲಸ ಕೆಡ್ತದೆ.

ನನಗೆ ಅವನು ಕೊಟ್ಟ ಲೈಟ್ ಟ್ಯಾಂಕಿನ ಹೆಸರು ಸ್ಟುವರ್ಟ್. ಅಮೆರಿಕದ್ದು, ಎರಡನೇ ಮಹಾಯುದ್ಧದ ಕಾಲದ್ದು. ಆ ಹೆಸರು ಕೇಳಿ ನಾನು ಅವನಿಗೊಂದು ನಿಜವಾದ ಕಾಳಗ ಹೇಳಿದೆ. 1948ರ ನವೆಂಬರ್ 1. ಶ್ರೀನಗರದಿಂದ ಲೇಹ್‌ಗೆ ಹೋಗೋ ದಾರಿಯಲ್ಲಿ ಜೋಜಿಲಾ, ಸುಮಾರು 11,500 ಅಡಿ ಎತ್ತರ. ಮೇಲೆ ಎದುರಾಳಿಗಳು ಕೂತಿದ್ದಾರೆ. ಸೆಪ್ಟೆಂಬರಿನಲ್ಲಿ ನಮ್ಮ ಕಾಲ್ದಳ ಹತ್ತಲು ಹೋಗಿ ಆಗದೆ ವಾಪಸಾಗಿದೆ. ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅಲ್ಲಿಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. ತೋಪಿರೋ ಮೇಲ್ಭಾಗ ಬಿಚ್ಚಿ ತಂದದ್ದು. ಬಡಪಾಯಿ ಸೇತುವೆಗಳು ಭಾರ ತಡೀಬೇಕು, ಟ್ಯಾಂಕು ಬರ್ತಿದೆ ಅಂತ ಯಾರಿಗೂ ಗೊತ್ತಾಗಲೂ ಬಾರದು. ಮುಂದಿನ ಟ್ಯಾಂಕೊಂದರಲ್ಲಿ ತಿಮ್ಮಯ್ಯ ತಾವೇ ಕೂತಿದ್ದರು. ಅಷ್ಟೆತ್ತರದ ಹಿಮದಲ್ಲಿ ಟ್ಯಾಂಕು ಬಂದೀತು ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಹಿಂದೆಯೇ ಕಾಲ್ದಳ ಹತ್ತಿತು. ನವೆಂಬರ್ ಮುಗಿಯೋದರೊಳಗೆ ನಮ್ಮವರು ಕಾರ್ಗಿಲ್ ಮುಟ್ಟಿದ್ದರು.

"ಟ್ಯಾಂಕು ಹತ್ತೋಕೆ ರಸ್ತೆ ಇತ್ತಾ ಮಾವ?" ಹುಡುಗ ಸರಿಯಾದ ಜಾಗಕ್ಕೇ ಕೈಯಿಟ್ಟ. ಇರಲಿಲ್ಲ. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗೋ ದಾರಿ. ಬಂಡೆ ಒಡೆದು ಅದನ್ನು ಟ್ಯಾಂಕು ಹೋಗೋಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಹೆಸರು ಮದ್ರಾಸಿನದಾದರೂ ಅವರ ಕೇಂದ್ರ ಇರೋದು ಬೆಂಗಳೂರಿನ ಹಲಸೂರು ಕೆರೆ ಪಕ್ಕ. ದಿನಾ ಸಾವಿರಾರು ಜನ ಆ ಗೇಟಿನ ಮುಂದೆ ಟ್ರಾಫಿಕ್ಕಲ್ಲಿ ನಿಂತು ಹಾರ್ನ್ ಹೊಡೀತೀವಿ.

ಆಟದಲ್ಲಿ ಇದೆಲ್ಲ ಇಲ್ಲ, ಅದನ್ನೂ ಹೇಳಬೇಕು. ರಸ್ತೆ ಮಾಡೋರಿಲ್ಲ, ಡೀಸೆಲ್ ಖಾಲಿಯಾಗಲ್ಲ, ಚಳಿಯಿಲ್ಲ. ನಿಜವಾದ ಸ್ಟುವರ್ಟ್ ಒಳಗೆ ನಾಲ್ಕು ಜನ ಇರ್ತಿದ್ದರು. ಆಟದಲ್ಲಿ ಓಡಿಸೋದು, ಗುರಿ ಇಡೋದು, ಆಜ್ಞೆ ಕೊಡೋದು ಎಲ್ಲ ಎರಡು ಹೆಬ್ಬೆರಳಿನ ಕೆಲಸ. ಟ್ಯಾಂಕಿನ ಒಳಗಿನ ಹೊಂದಾಣಿಕೆ ಇಲ್ಲಿ ಕಲಿಯೋಕೆ ಆಗಲ್ಲ, ಟ್ಯಾಂಕು-ಟ್ಯಾಂಕುಗಳ ನಡುವಿನದು ಮಾತ್ರ ಕಲೀಬಹುದು. ಆಡಿದ ಮಾತ್ರಕ್ಕೆ ಮಗ ಸೇನೆಗೆ ಸೇರ್ತಾನೆ ಅಂತ ಯಾರೂ ಅಂದ್ಕೋಬೇಡಿ. ಸೋತಾಗ ಚಾಟಿನಲ್ಲಿ ಬರೋ ಬೈಗುಳ ಓದಿದರೆ ನಮ್ಮ ಪ್ಯಾನೆಲ್ ಚರ್ಚೆಗಳೇ ವಾಸಿ ಅನ್ನಿಸ್ತದೆ. ಆಟ ಪುಕ್ಕಟೆ, ಆದರೆ ಒಳ್ಳೊಳ್ಳೆ ಟ್ಯಾಂಕುಗಳನ್ನು ದುಡ್ಡಿಗೆ ಮಾರ್ತಾರೆ, ಅದರ ಬಟನ್ ಯಾವಾಗಲೂ ಕಣ್ಣೆದುರೇ. ಅಕ್ಕನ ಯುಪಿಐ ಪಿನ್ನು ಹುಡುಗನಿಗೆ ಗೊತ್ತಾ ಅಂತ ಕೇಳಿದೆ, ಗೊತ್ತಂತೆ. ಅವತ್ತೇ ಬದಲಾಯಿಸಿದೆವು. ರಾತ್ರಿ ಒಂಬತ್ತೂವರೆಗೆ ಆಟ ಬಂದ್ ಅಂತ ಒಪ್ಪಂದವೂ ಆಯಿತು. ಅವನು ಹತ್ತು ಕೇಳಿದ್ದ.

ಹೊರಡೋ ಹಿಂದಿನ ರಾತ್ರಿ ಅವನ ತಂಡದ ಜೊತೆ ನನ್ನನ್ನೂ ಸೇರಿಸಿಕೊಂಡ. ಹುಬ್ಬಳ್ಳಿಯ ಒಬ್ಬ, ಮಣಿಪಾಲದ ಇಬ್ಬರು, ಉಳಿದವರು ಎಲ್ಲಿಯವರೋ. ಯಾರೂ ಯಾರ ಮುಖವನ್ನೂ ನೋಡಿಲ್ಲ. ಇವನು ಪೊದೆ ಹಿಂದೆ ಕೂತು ಮಾತಾಡತೊಡಗಿದ. ಬೇರೆಯದೇ ದನಿ. "ಎಡಕ್ಕೆ ಇಬ್ರು. ಗುಡ್ಡದ ಮೇಲೆ ಒಬ್ಬ, ಅರ್ಧ ಜೀವ. ಮೊದ್ಲು ಅವನು. ನಾನು ಹೊಡೆಯಲ್ಲ, ನೀವ್ ಹೊಡೀರಿ. ಮಾವ, ಬಂಡೆ ಬಿಟ್ಟು ಬರ್ಬೇಡ." ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹತ್ತು ವರ್ಷದಿಂದ ಕಿವಿಯಲ್ಲಿ ಪ್ರೊಡ್ಯೂಸರ್ ಮಾತು ಕೇಳಿಸಿಕೊಂಡು ಬದುಕಿದವನು ನಾನು, ಇಷ್ಟು ಸ್ಪಷ್ಟವಾಗಿ ಹೇಳೋರು ಸಿಗೋದು ಅಪರೂಪ. ಅಡುಗೆಮನೆ ದೀಪ ಆರಿಸಿ ಬಂದ ಅಕ್ಕ ಬಾಗಿಲ ಬಳಿ ನಿಂತೇಬಿಟ್ಟಳು. ಮಗ ಇಷ್ಟೊಂದು ಮಾತಾಡೋದನ್ನು ಅವಳು ಎಷ್ಟು ತಿಂಗಳಿಂದ ಕೇಳಿರಲಿಲ್ಲವೋ.

ಕಾಳಗ ಮುಗೀತು. ಒಂಬತ್ತೂವರೆಗೆ ಇನ್ನೂ ನಾಲ್ಕು ನಿಮಿಷ ಇತ್ತು.

"ಗೆದ್ರೇನೋ?" ಅಕ್ಕ ಕೇಳಿದಳು.

"ಸೋತ್ವಿ ಅಮ್ಮ. ಆದ್ರೆ ಮಾವ ಈ ಸಲ ಬಂಡೆ ಬಿಟ್ಟು ಹೋಗ್ಲಿಲ್ಲ" ಅಂದ. ಮೊಬೈಲು ಚಾರ್ಜಿಗೆ ಹಾಕಿ, ಬಾ ಕೂತ್ಕೋ ಅಂತ ಅವಳಿಗೆ ಜಾಗ ಬಿಟ್ಟು, ಸೋತದ್ದು ಹೇಗೆ ಅಂತ ಮೊದಲಿನಿಂದ ವಿವರಿಸೋಕೆ ಶುರು ಮಾಡಿದ.